ಪಾಳುಬಿದ್ದ ಹಳ್ಳಿಮನೆಯನ್ನು ಮತ್ತೆ ವಾಸಕ್ಕೆ ತರುವುದು: ಸಮಗ್ರ ಮಾರ್ಗದರ್ಶಿ

ವರ್ಷಗಟ್ಟಲೆ ಬೀಗ ಬಿದ್ದಿದ್ದ ಮನೆಯ ಮುಂದೆ ನಿಂತಾಗ ಕಣ್ಣಿಗೆ ಮೊದಲು ಬೀಳುವುದು ಗಿಲಾವು ಉದುರಿದ ಗೋಡೆ, ಬಣ್ಣ ಹೋದ ಬಾಗಿಲು. ಹಾಗಾಗಿ ಬಹಳಷ್ಟು ಮಂದಿ ಅಲ್ಲಿಂದಲೇ ಕೆಲಸ ಹಿಡಿಯುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಗಿಲಾವು ಉಬ್ಬುತ್ತದೆ, ಬಣ್ಣ ಹೊಪ್ಪಳೆ ಏಳುತ್ತದೆ. ಗೋಡೆ ಹಾಳಾದದ್ದು ಮೇಲಿನಿಂದ ಸೋರಿದ ನೀರಿನಿಂದ, ಇಲ್ಲವೇ ಬುಡದಲ್ಲಿ ನಿಂತ ನೀರಿನಿಂದ. ಆ ನೀರು ಇನ್ನೂ ಅಲ್ಲೇ ಇದೆ. ಆದ್ದರಿಂದ ಕೆಲಸದ ಕ್ರಮ ನೀರಿನ ದಾರಿಯನ್ನೇ ಹಿಡಿಯಬೇಕು: ಮೊದಲು ಮಾಡು, ಅಂದರೆ ಹಂಚಿನ ಚಾವಣಿ, ಆಮೇಲೆ ಮನೆಯ ಸುತ್ತಲಿನ ನೆಲ, ಆಮೇಲೆ ಗೋಡೆ ಮತ್ತು ಮರಮುಟ್ಟು, ಕಟ್ಟಕಡೆಗೆ ಬಣ್ಣ. ಕಲ್ಲು, ಇಟ್ಟಿಗೆ ಅಥವಾ ಮಣ್ಣಿನ ಗೋಡೆ, ಸುಣ್ಣದ ಗಾರೆ, ಮರದ ಮಾಡಿಗೆ ಹಂಚು ಹೊದಿಸಿದ ಮನೆಗಳನ್ನು ಎದುರಿಗಿಟ್ಟುಕೊಂಡು ಇಲ್ಲಿನ ಲೆಕ್ಕಗಳನ್ನು ಕೊಟ್ಟಿದೆ.

ಒಳಗೆ ಕಾಲಿಡುವ ಮೊದಲು

ಮೊದಲ ದಿನ ಏನನ್ನೂ ಕೀಳಬೇಡಿ, ಕಡಿಯಬೇಡಿ. ಸುತ್ತ ನಡೆದು ನೋಡಿ. ಪೊದೆ ತುಂಬಿದ ಹಿತ್ತಲಲ್ಲಿ ಹಳೆಯ ಬಾವಿಯೋ ಶೌಚದ ಗುಂಡಿಯೋ ಇರಬಹುದು. ಅದರ ಮೇಲೆ ಹಾಸಿದ್ದ ಹಲಗೆ ಕೊಳೆತು, ಹಲಗೆಯ ಮೇಲೆ ಹುಲ್ಲು ಬೆಳೆದು, ಸಪಾಟು ನೆಲದಂತೆಯೇ ಕಾಣುತ್ತದೆ. ಎರಡು ಮೀಟರ್ ಉದ್ದದ ಕಬ್ಬಿಣದ ಸರಳು ಹಿಡಿದು ಮುಂದಿನ ನೆಲ ಕುಟ್ಟಿ ನೋಡಿಯೇ ಹೆಜ್ಜೆ ಇಡಿ. ಪೊಳ್ಳು ಸದ್ದು ಬಂದಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿ. ಕುಟ್ಟುವಾಗಿನ ಅದುರಿಗೆ ಸಾಮಾನ್ಯವಾಗಿ ಹಾವುಗಳೂ ಸರಿದು ಹೋಗುತ್ತವೆ, ಎಲ್ಲವೂ ಅಲ್ಲ. ಮೊಣಕಾಲಿನವರೆಗಿನ ಗಮ್‌ಬೂಟು, ದಪ್ಪ ಚರ್ಮದ ಕೈಗವಸು ಇಲ್ಲದೆ ಕಲ್ಲುರಾಶಿಗೆ, ಸೌದೆರಾಶಿಗೆ ಕೈ ಹಾಕಬೇಡಿ.

ವಿದ್ಯುತ್ತನ್ನು ಮೇನ್‌ನಲ್ಲೇ ತಪ್ಪಿಸಿ. ದೀಪ ಉರಿಯುತ್ತದೆ ಎಂದಮಾತ್ರಕ್ಕೆ ಹಳೆಯ ವೈರು ಚೆನ್ನಾಗಿದೆ ಎಂದಲ್ಲ. ಇಲಿ ತಿಂದು ತಂತಿ ಬಯಲಾದದ್ದು ಅಟ್ಟದ ಮೇಲೆ ಯಾರಿಗೂ ಕಾಣದಂತೆ ಇರುತ್ತದೆ. ಕೆಲಸಕ್ಕೆ ಬೇಕಾದ ಕರೆಂಟನ್ನು ಸೋರಿಕೆ 30 ಮಿಲಿಆಂಪಿಯರ್ ಮುಟ್ಟಿದರೆ ಕರೆಂಟು ಕಡಿಯುವ ಆರ್‌ಸಿಡಿ ಎಂಬ ಸುರಕ್ಷತಾ ಸ್ವಿಚ್ ಇರುವ ಹೊಸ ಬೋರ್ಡಿನಿಂದ ಮಾತ್ರ ತೆಗೆದುಕೊಳ್ಳಿ.

ಒಳಗೆ ಹೋದ ಕೂಡಲೇ ಪೊರಕೆ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಒಣಗಿದ ಇಲಿ ಹಿಕ್ಕೆ, ಬಾವಲಿ ಹಿಕ್ಕೆ ಗುಡಿಸಿದಾಗ ಏಳುವ ಧೂಳು ಶ್ವಾಸಕೋಶದ ಗಂಭೀರ ಸೋಂಕು ತರಬಲ್ಲದು. ಕಿಟಕಿ ಬಾಗಿಲು ತೆರೆದು ಕನಿಷ್ಠ ಅರ್ಧ ಗಂಟೆ ಹೊರಗಿರಿ. ಆಮೇಲೆ ಎನ್‌95 ಮಾಸ್ಕ್, ರಬ್ಬರ್ ಕೈಗವಸು ಹಾಕಿಕೊಂಡು, ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆ ಇರುವಲ್ಲೆಲ್ಲ ತೊಪ್ಪೆಯಾಗುವಂತೆ ಸಿಂಪಡಿಸಿ. ಐದು ನಿಮಿಷ ಬಿಟ್ಟು ಬಟ್ಟೆಯಿಂದ ಬಾಚಿ ತೆಗೆದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬ್ಲೀಚ್ ಜೊತೆ ಆಸಿಡ್ಡಾಗಲಿ ಅಮೋನಿಯಾ ಇರುವ ಯಾವುದೇ ಕ್ಲೀನರ್ ಆಗಲಿ ಸೇರಬಾರದು, ವಿಷಾನಿಲ ಏಳುತ್ತದೆ. ಅಟ್ಟದ ತುಂಬ ಬಾವಲಿ ಹಿಕ್ಕೆ ಇದ್ದರೆ ಅದನ್ನು ತೆಗೆಯಲು ಬಲ್ಲವರನ್ನೇ ಕರೆಯಿರಿ.

ಇನ್ನೊಂದು ಎಚ್ಚರ. ಮಾಡಿಗೋ ಒರಗಿದ ಕೊಟ್ಟಿಗೆಗೋ ಹಳೆಯ ಸಿಮೆಂಟ್ ಶೀಟು ಹಾಕಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇದೆಯೆಂದೇ ತಿಳಿದು ನಡೆಯಿರಿ. ಅದನ್ನು ಒಡೆಯುವುದು, ಕೊರೆಯುವುದು, ಉಜ್ಜುವುದು ಕೂಡದು. ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುವುದೂ ಸಾಮಾನ್ಯ. ಅದನ್ನು ನೀರು ಹಾಕಿಯೇ ಉಜ್ಜಬೇಕು, ಬೆಂಕಿ ಹಿಡಿದು ಸುಡಬಾರದು, ಉಜ್ಜುವಾಗ ಮಕ್ಕಳು ಹತ್ತಿರ ಇರಬಾರದು.

ಇಷ್ಟಾದ ಮೇಲೆ ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಮೇಲ್ಭಾಗದ ಫೋಟೊ ತೆಗೆದುಕೊಳ್ಳಿ. ಮನೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದು ಕಲೆ, ಬಿರುಕು, ಗೆದ್ದಲ ಗೆರೆಗಳನ್ನು ಅದರ ಮೇಲೆ ಗುರುತಿಸಿ. ಮುಂದೆ ಪ್ರತಿಯೊಂದು ಹಂತದಲ್ಲೂ ಈ ಹಾಳೆ ಬೇಕಾಗುತ್ತದೆ.

ಪೊದೆ, ಬಳ್ಳಿ, ಗೋಡೆಯಲ್ಲಿ ಬೇರೂರಿದ ಗಿಡ

ಮೊದಲು ಮನೆಯ ಸುತ್ತ ಎರಡು ಮೀಟರ್ ಅಗಲದ ಪಟ್ಟಿಯನ್ನಷ್ಟೇ ಸವರಿ. ಇಡೀ ಜಾಗವನ್ನು ಒಮ್ಮೆಗೇ ಬೋಳಿಸಿದರೆ ಮುಂದಿನ ಮಳೆಗೆ ಇಳಿಜಾರಿನ ಮಣ್ಣು ಕೊಚ್ಚಿಹೋಗುತ್ತದೆ. ಜೊತೆಗೆ ನೆರಳಿನ ಮರ ಯಾವುದು, ಹಣ್ಣಿನ ಮರ ಯಾವುದು ಎಂದು ತಿಳಿಯುವ ಮೊದಲೇ ಕೊಡಲಿ ಬಿದ್ದಿರುತ್ತದೆ. ದೊಡ್ಡ ಮರಗಳನ್ನು ಒಂದು ವರ್ಷ ನೋಡಿಯೇ ತೀರ್ಮಾನಿಸಿ.

ಗೋಡೆಗೆ ಹಬ್ಬಿದ ಹಸಿ ಬಳ್ಳಿಯನ್ನು ಎಳೆಯಲೇಬೇಡಿ. ಅದರ ಬೇರು ಸಂದಿನ ಗಾರೆಯನ್ನು, ಕೆಲವೊಮ್ಮೆ ಕಲ್ಲನ್ನೇ ಕಿತ್ತುಕೊಂಡು ಬರುತ್ತದೆ. ಬುಡದಲ್ಲಿ ಒಂದು ಮೊಳದಷ್ಟು ಕಾಂಡ ಕತ್ತರಿಸಿ ತೆಗೆದು ಕೆಲವು ವಾರ ಬಿಡಿ. ಪೂರ್ತಿ ಒಣಗಿ ಬೇರು ಚುರುಟಿದ ಮೇಲೆ ಕೈಗೆ ಸಲೀಸಾಗಿ ಬರುತ್ತದೆ. ಗೋಡೆಯೊಳಗೇ ಬೇರು ಬಿಟ್ಟ ಗಿಡಗಳು ಹೀಗೆ ಕತ್ತರಿಸಿದರೆ ಮತ್ತೆ ಚಿಗುರುತ್ತವೆ. ಅವುಗಳ ಕಾಂಡವನ್ನು ಗೋಡೆಗೆ ಸಮನಾಗಿ ಕತ್ತರಿಸಿ, ಹಸಿ ಕಡಿತದ ಮೇಲೆ ನಿಮಿಷಗಳೊಳಗೆ ಗ್ಲೈಫೋಸೇಟ್‌ನಂಥ ಕಳೆನಾಶಕವನ್ನು ಕುಂಚದಿಂದ ಹಚ್ಚಿ. ತಡಮಾಡಿದರೆ ಕಡಿತ ಒಣಗಿ ಔಷಧಿ ಬೇರಿಗೆ ಇಳಿಯುವುದಿಲ್ಲ. ಬೇರು ಸತ್ತ ಮೇಲೆ ಆ ಭಾಗದ ಕಲ್ಲು ಬಿಚ್ಚಿ, ಬೇರು ತೆಗೆದು, ಮತ್ತೆ ಕಟ್ಟಬೇಕು. ಒಳಗೆ ಬಿಟ್ಟ ದಪ್ಪ ಬೇರು ಕೊಳೆತು ಪೊಳ್ಳಾಗುತ್ತದೆ. ಕಳೆನಾಶಕ ಬಳಸುವಾಗ ಡಬ್ಬಿಯ ಮೇಲಿನ ಪ್ರಮಾಣ ಮೀರಬೇಡಿ, ಬಾವಿಯ ಹತ್ತಿರ ಬೇಡವೇ ಬೇಡ.

ಕಡಿದ ಕಸಕ್ಕೆ ಬೆಂಕಿ ಹಚ್ಚುವ ಮುನ್ನ ಅದರಲ್ಲಿ ಬಣ್ಣ ಬಳಿದ ಮರ, ಹಸಿರು ಛಾಯೆಯ ಔಷಧಿ ಹಿಡಿಸಿದ ಕಂಬಗಳು ಇವೆಯೇ ನೋಡಿ. ಅಂಥ ಕಂಬಗಳಲ್ಲಿ ಆರ್ಸೆನಿಕ್ ಇರಬಹುದು, ಸುಟ್ಟರೆ ಹೊಗೆಯೂ ವಿಷ, ಬೂದಿಯೂ ವಿಷ. ಹಸಿರು ಕಸವನ್ನು ಸುಡುವುದಕ್ಕಿಂತ ಗೊಬ್ಬರವಾಗಲು ರಾಶಿ ಹಾಕುವುದು ಮೇಲು, ಆದರೆ ಆ ರಾಶಿ ಗೋಡೆಗೆ ಆತುಕೊಂಡಿರಬಾರದು.

ಮಾಡು: ಇಲ್ಲಿ ಆತುರ ಬೇಡ

ಮಾಡಿನ ರೋಗ ಹೊರಗಿನಿಂದ ಅಲ್ಲ, ಒಳಗಿನಿಂದ ತಿಳಿಯುತ್ತದೆ. ಬಿಸಿಲಿರುವ ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ, ಅಟ್ಟ ಹತ್ತಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಹತ್ತು ನಿಮಿಷ ಕುಳಿತುಕೊಳ್ಳಿ. ಒಡೆದ ಹಂಚು, ಸರಿದ ಹಂಚು ಇರುವಲ್ಲೆಲ್ಲ ಬೆಳಕಿನ ಚುಕ್ಕೆ ಕಾಣುತ್ತದೆ. ಪ್ರತಿ ಚುಕ್ಕೆಯ ಹತ್ತಿರದ ಪಕಾಸಿಗೆ, ಅಂದರೆ ಮಾಡಿನ ಭಾರ ಹೊರುವ ಓರೆ ಮರಕ್ಕೆ, ಸೀಮೆಸುಣ್ಣದ ಗುರುತು ಹಾಕಿ. ಸೋರಿದ ಕಲೆ ಎಲ್ಲಿದೆಯೋ ತೂತೂ ಅಲ್ಲೇ ಇದೆ ಎಂದುಕೊಳ್ಳಬೇಡಿ. ನೀರು ಪಕಾಸಿನ ಗುಂಟ ಒಂದೆರಡು ಮೀಟರ್ ಕೆಳಕ್ಕೆ ಹರಿದು, ಹಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು, ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಕಲೆಯಿಂದ ಮೇಲಕ್ಕೆ ಹುಡುಕುತ್ತ ಹೋಗಿ.

ಹೆಚ್ಚು ಸೋರುವ ಜಾಗಗಳು ಮೂರು: ಎರಡು ಮಾಡುಗಳು ಕೂಡುವ ಒಳಮೂಲೆ, ಹೊಗೆಗೂಡು ಅಥವಾ ಗೋಡೆ ಮಾಡನ್ನು ಸೀಳಿ ಮೇಲೇಳುವ ಅಂಚು, ನೆತ್ತಿಯ ಹಂಚಿನ ಸಾಲು. ಒಳಮೂಲೆಯಲ್ಲಿ ಎಲೆ ಕೊಳೆತು ನೀರು ಕಟ್ಟಿ, ಹಂಚಿನ ಕೆಳಗೆ ಹಿಂದಕ್ಕೆ ನುಗ್ಗುತ್ತದೆ. ಅಲ್ಲಿನ ತಗಡು ತುಕ್ಕು ಹಿಡಿದು ಸಣ್ಣ ತೂತು ಬಿದ್ದಿದ್ದರೆ ಟಾರು ಮೆತ್ತುವುದು ಒಂದು ಮಳೆಗಾಲಕ್ಕೆ ಸಾಕು, ಆಚೆಗೆ ನಿಲ್ಲುವುದಿಲ್ಲ, ತಗಡನ್ನೇ ಬದಲಿಸಿ.

ಹಂಚು ಇಳಿಸುವಾಗ ಮಾಡಿನ ಎರಡೂ ಬದಿಗಳಿಂದ ಸಮನಾಗಿ ಇಳಿಸಿ. ಒಂದು ಬದಿ ಪೂರ್ತಿ ಖಾಲಿಯಾಗಿ ಇನ್ನೊಂದು ಬದಿಯಲ್ಲಿ ಭಾರ ಉಳಿದರೆ ಸವೆದ ಪಕಾಸುಗಳ ಜೋಡಣೆ ವಾಲುತ್ತದೆ. ಹಂಚಿನ ಮೇಲೆ ನೇರವಾಗಿ ಕಾಲಿಡದೆ, ನೆತ್ತಿಗೆ ಕೊಕ್ಕೆ ಹಾಕಿದ ಏಣಿ ಮಲಗಿಸಿ ಅದರ ಮೇಲೆ ನಡೆಯಿರಿ. ಒಬ್ಬರೇ ಏರಬೇಡಿ, ಇಡೀ ಮೈಗೆ ತೊಡುವ ಸುರಕ್ಷತಾ ಪಟ್ಟಿಗೆ (ಹಾರ್ನೆಸ್) ಹಗ್ಗ ಬಿಗಿಯದೆ ಏರಲೇಬೇಡಿ. ಇಳಿಸಿದ ಪ್ರತಿ ಹಂಚನ್ನೂ ಬೆರಳ ಗಿಣ್ಣಿನಿಂದ ತಟ್ಟಿ ನೋಡಿ: ಗಟ್ಟಿ ಹಂಚು ಟಣ್ ಎನ್ನುತ್ತದೆ, ಬಿರುಕಿದ್ದರೆ ಸದ್ದು ಮಂಕಾಗಿ ಬರುತ್ತದೆ. ಕಣ್ಣಿಗೆ ಕಾಣದ ಬಿರುಕೂ ಇದರಲ್ಲಿ ಸಿಕ್ಕಿಬೀಳುತ್ತದೆ. ಉಳಿದ ಹಳೆಯ ಹಂಚುಗಳನ್ನು ಎದ್ದು ಕಾಣುವ ಮುಂಬದಿಗೆ ಒಟ್ಟುಮಾಡಿ ಹೊದಿಸಿ, ಹೊಸದನ್ನು ಹಿಂಬದಿಗೆ ಹಾಕಿ. ಅಚ್ಚು ಬೇರೆಯಾದ ಹಂಚುಗಳನ್ನು ಒಂದೇ ಸಾಲಿನಲ್ಲಿ ಬೆರೆಸಿದರೆ ಒಂದಕ್ಕೊಂದು ಕಚ್ಚಿ ಕೂರದೆ ಅಲ್ಲೇ ಸೋರುತ್ತವೆ.

ಪಕಾಸಿನ ತುದಿಗಳು, ಅಂದರೆ ಅದು ಗೋಡೆಯ ಮೇಲೆ ಕೂರುವ ಒಂದು ಗೇಣು, ಎಲ್ಲಕ್ಕಿಂತ ಮೊದಲು ಕೊಳೆಯುತ್ತದೆ. ದಬ್ಬಣ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ಒಂದೆರಡು ಮಿಲಿಮೀಟರ್ ಹೋಗಿ ನಿಲ್ಲುತ್ತದೆ, ಕೊಳೆತ ಮರದಲ್ಲಿ ತಡೆಯಿಲ್ಲದೆ ಇಳಿಯುತ್ತದೆ. ತುದಿ ಮಾತ್ರ ಹೋಗಿದ್ದರೆ ಇಡೀ ಪಕಾಸು ಬದಲಿಸುವುದು ಬೇಕಿಲ್ಲ. ಕೊಳೆತ ಭಾಗ ಮುಗಿದ ಮೇಲೂ ಒಂದು ಗೇಣು ಒಳಕ್ಕೆ ಕತ್ತರಿಸಿ, ಅದೇ ಅಳತೆಯ ಒಣಮರವನ್ನು ಪಕ್ಕಕ್ಕೆ ಜೋಡಿಸಿ, ಗಟ್ಟಿ ಮರದ ಮೇಲೆ ಕನಿಷ್ಠ 60 ಸೆಂಟಿಮೀಟರ್ ಹಾಯುವಂತೆ ಇಟ್ಟು 12 ಮಿಲಿಮೀಟರ್ ಬೋಲ್ಟುಗಳಿಂದ ಬಿಗಿಯಿರಿ. ದೊಡ್ಡ ತೊಲೆ, ನೆತ್ತಿಯ ಮರ ಕುಸಿದಿದ್ದರೆ ಆ ಕೆಲಸ ಎಂಜಿನಿಯರ್ ನೋಡಿದ ಮೇಲೆ, ಕೆಳಗೆ ಆಸರೆ ಕೊಟ್ಟ ಮೇಲೆ.

ಸೂರಿನ ನೀರು ಹಿಡಿಯುವ ದೋಣಿ ಇದ್ದರೆ ಮೂರು ಮೀಟರಿಗೆ ಸುಮಾರು 15 ಮಿಲಿಮೀಟರ್ ಇಳಿಜಾರು ಕೊಡಿ. ಒಂದು ಬಕೆಟ್ ನೀರನ್ನು ಎತ್ತರದ ತುದಿಯಲ್ಲಿ ಸುರಿದು ಎಲ್ಲಿಯೂ ನಿಲ್ಲದೆ ಹರಿಯುತ್ತದೆಯೇ ನೋಡಿಯೇ ಏಣಿ ಇಳಿಯಿರಿ.

ಬುಡದ ನೀರನ್ನು ದೂರ ಕಳಿಸುವುದು

ಪಾಳುಬಿದ್ದ ವರ್ಷಗಳಲ್ಲಿ ಎಲೆ, ಧೂಳು, ಉದುರಿದ ಗಿಲಾವು ಸೇರಿ ಗೋಡೆಯ ಬುಡದ ನೆಲ ಮೇಲೆದ್ದಿರುತ್ತದೆ. ಎಷ್ಟೋ ಮನೆಗಳ ತೇವಕ್ಕೆ ಇದೊಂದೇ ಕಾರಣ. ಹೊರಗಿನ ನೆಲವು ಒಳಗಿನ ನೆಲಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ತಗ್ಗಿನಲ್ಲಿ ಇರುವಂತೆ ಮಣ್ಣು ತೆಗೆಯಿರಿ. ಆದರೆ ಹಳೆಯ ಅಡಿಪಾಯ ಆಳವಿರುವುದಿಲ್ಲ. ಕಲ್ಲಿನ ಕೊನೆಯ ಸಾಲು ಕಂಡಿತೆಂದರೆ ಅಲ್ಲಿಗೆ ನಿಲ್ಲಿಸಿ.

ಆಮೇಲೆ ಗೋಡೆಯಿಂದ ಹೊರಕ್ಕೆ ಮೂರು ಮೀಟರಿನಲ್ಲಿ 15 ಸೆಂಟಿಮೀಟರ್ ಇಳಿಯುವ ಇಳಿಜಾರು ಮಾಡಿ. ಗೋಡೆಯ ಬುಡಕ್ಕೇ ಸಿಮೆಂಟಿನ ಪಟ್ಟಿ ಹಾಕುವುದು ರೂಢಿ. ಹಳೆಯ ಗೋಡೆಗೆ ಅದು ಕೆಡುಕು. ನೆಲದಿಂದ ಆವಿಯಾಗಬೇಕಾದ ತೇವ ಪಟ್ಟಿಯ ಕೆಳಗೆ ಸಿಕ್ಕಿಕೊಂಡು ಗೋಡೆಯನ್ನೇ ಏರುತ್ತದೆ. ಜಲ್ಲಿ ಹಾಸುವುದು ಸರಿ.

ಮೇಲಿನ ಇಳಿಜಾರಿನಿಂದ ನೀರು ಮನೆಯತ್ತ ಬರುತ್ತಿದ್ದರೆ ಮನೆಗಿಂತ ಮೇಲೆ, ಗೋಡೆಯಿಂದ ಒಂದೆರಡು ಮೀಟರ್ ದೂರದಲ್ಲಿ ಅಡ್ಡಗಾಲುವೆ ತೋಡಿ. 30 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಆಳ, ಮೀಟರಿಗೆ ಒಂದು ಸೆಂಟಿಮೀಟರ್ ಇಳಿತ. ಒಳಗೆ ನೀರು ಬಸಿಯುವ ಬಟ್ಟೆ ಹಾಸಿ, ತೂತುಗಳು ಕೆಳಮುಖವಾಗಿರುವಂತೆ 100 ಮಿಲಿಮೀಟರ್ ಪೈಪು ಇಟ್ಟು, ತೊಳೆದ ಜಲ್ಲಿ ತುಂಬಿ, ಬಟ್ಟೆ ಮಡಚಿ ಮುಚ್ಚಿ. ಜಲ್ಲಿ ತೊಳೆಯದೆ ಹಾಕಿದರೆ ಅದರ ಪುಡಿಯೇ ಬಟ್ಟೆಯನ್ನು ಕಟ್ಟಿಬಿಡುತ್ತದೆ. ಕಾಲುವೆಯ ಕೊನೆ ತಗ್ಗಿನಲ್ಲಿ ಬಯಲಿಗೆ ತೆರೆದಿರಲಿ, ನೆರೆಯವರ ಜಾಗಕ್ಕೆ ಅಲ್ಲ.

ಬಿರುಕು: ಮೊದಲು ಕಾಯುವುದು

ಪ್ರತಿ ಬಿರುಕಿಗೂ ಅಡ್ಡವಾಗಿ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಮತ್ತು ಬಿರುಕಿನ ಅಗಲ ಬರೆಯಿರಿ. ಅಂಟಿನಿಂದ ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿನ ಮೇಲೆ ಅಡ್ಡಲಾಗಿ ಕೂರಿಸಿದರೂ ಆದೀತು. ಗೋಡೆ ಕದಲಿದರೆ ಗಾಜು ಸೀಳುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಕದಲದ, 5 ಮಿಲಿಮೀಟರಿಗಿಂತ ಕಿರಿದಾದ ಬಿರುಕನ್ನು ನೀವೇ ತುಂಬಬಹುದು. ಅಗಲವಾಗುತ್ತಲೇ ಇರುವುದು, 15 ಮಿಲಿಮೀಟರ್ ದಾಟಿದ್ದು, ಹೊಟ್ಟೆ ಉಬ್ಬಿದ ಗೋಡೆ, ಮೂಲೆ ಬಿಟ್ಟುಕೊಂಡ ಗೋಡೆ, ಇವು ಎಂಜಿನಿಯರ್ ನೋಡಬೇಕಾದವು. ಮಾಡು ಮತ್ತು ಬುಡದ ನೀರು ಸರಿಯಾದ ಮೇಲೆ ಹಲವು ಬಿರುಕುಗಳು ತಾವಾಗಿಯೇ ನಿಂತುಹೋಗುತ್ತವೆ.

ಗೋಡೆಗೆ ಸುಣ್ಣವೇ ಏಕೆ

ಹಳೆಯ ಗೋಡೆ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಮೆದು. ಗೋಡೆ ಅಲುಗಿದರೆ ತಾನು ಬಾಗುತ್ತದೆ, ತೇವ ಹೊರಹೋಗಲು ತನ್ನ ಮೂಲಕ ದಾರಿ ಕೊಡುತ್ತದೆ. ಸಿಮೆಂಟು ಮೆದು ಕಲ್ಲಿಗಿಂತ, ಹಳೆಯ ಇಟ್ಟಿಗೆಗಿಂತ ಗಡುಸು. ಸಂದಿಗೆ ಸಿಮೆಂಟು ತುಂಬಿದರೆ ತೇವ ಇಟ್ಟಿಗೆಯ ಮುಖದಿಂದಲೇ ಹೊರಬರಬೇಕಾಗುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ಕೆಲವೇ ವರ್ಷದಲ್ಲಿ ಇಟ್ಟಿಗೆ ಸವೆದು ಒಳಗಾಗಿ, ಸಿಮೆಂಟಿನ ಗೆರೆಗಳು ಮಾತ್ರ ಜೇನುಗೂಡಿನ ಹಾಗೆ ಮುಂದೆ ಚಾಚಿಕೊಂಡಿರುವುದನ್ನು ಎಲ್ಲಿಯಾದರೂ ನೋಡಿಯೇ ಇರುತ್ತೀರಿ. ಅಂಥ ಗೋಡೆಯನ್ನು ಮತ್ತೆ ಸರಿಮಾಡುವುದು ಬಹಳ ಕಷ್ಟ.

ಹಾಗಾಗಿ ಹಿಂದೆ ಯಾರೋ ಹಚ್ಚಿದ ಸಿಮೆಂಟ್ ಗಿಲಾವನ್ನು ಮೊದಲು ಕೀಳಿ. ಉಬ್ಬಿ ಪೊಳ್ಳಾದ ಜಾಗದಿಂದ ಶುರುಮಾಡಿದರೆ ಹಾಳೆ ಹಾಳೆಯಾಗಿ ಬರುತ್ತದೆ. ಗಟ್ಟಿಯಾಗಿ ಅಂಟಿದ್ದನ್ನು ಕೀಳಲು ಹೋದರೆ ಇಟ್ಟಿಗೆಯ ಮುಖವೇ ಬರುವುದಾದರೆ ಅಷ್ಟನ್ನು ಬಿಟ್ಟುಬಿಡಿ. ಗೋಡೆಯ ಮೇಲೆ ಬಿಳಿ ಉಪ್ಪು ಮೂಡಿದ್ದರೆ ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ಹೊರಗೆ ಹಾಕಿ. ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಈಗ ಗೋಡೆ ಒಣಗಲಿ. ದಪ್ಪ ಗೋಡೆಗೆ ತಿಂಗಳಿಗೆ 25 ಮಿಲಿಮೀಟರ್ ಎಂಬುದು ಅಂದಾಜಿನ ಲೆಕ್ಕ. ಅರ್ಧ ಮೀಟರ್ ದಪ್ಪದ ಗೋಡೆ ಪೂರ್ತಿ ಒಣಗಲು ವರ್ಷ ದಾಟಬಹುದು. ಅಷ್ಟು ಕಾಲ ಕಾಯಲಾಗದಿದ್ದರೂ ಒಂದು ಬೇಸಿಗೆಯನ್ನಾದರೂ ಕೊಡಿ.

ಗಾರೆ ಕಲಸುವುದು ಹೀಗೆ. ಅರಳಿಸಿ ಕನಿಷ್ಠ ಮೂರು ತಿಂಗಳು ನೀರಿನಡಿ ಇಟ್ಟ ಸುಣ್ಣದ ಮುದ್ದೆ ಒಂದು ಬಕೆಟ್, ಮಣ್ಣಿಲ್ಲದ ಒರಟು ಮರಳು ಮೂರು ಬಕೆಟ್. ಚೀಲದ ಅರಳಿದ ಸುಣ್ಣದ ಪುಡಿಯಾದರೆ ಹಿಂದಿನ ದಿನವೇ ನೀರಿನಲ್ಲಿ ನೆನೆಸಿ ಮುದ್ದೆ ಮಾಡಿಕೊಳ್ಳಿ. ಕಲಸುವಾಗ ಗಟ್ಟಿಯೆನಿಸಿದ ಕೂಡಲೇ ನೀರು ಸುರಿಯುವುದೇ ತಪ್ಪು. ಸಲಿಕೆಯಿಂದ ಕುಟ್ಟಿ ಕುಟ್ಟಿ ಕಲಸಿದಂತೆ ಸುಣ್ಣದಲ್ಲಿರುವ ನೀರೇ ಬಿಟ್ಟುಕೊಂಡು ಮೆತ್ತಗಾಗುತ್ತದೆ. ಕರಣೆಯಲ್ಲಿ ಒಂದು ಹಿಡಿ ತೆಗೆದು ಕರಣೆಯನ್ನು ಬೋರಲು ಮಾಡಿ. ಅಂಟಿಕೊಂಡೇ ಇದ್ದರೆ ಹದ ಬಂದಿದೆ. ನೀರು ಹೆಚ್ಚಾದ ಗಾರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ ಕಡ್ಡಾಯ, ಪಕ್ಕದಲ್ಲಿ ಶುದ್ಧ ನೀರಿನ ಬಾಟಲಿ ಇರಲಿ.

ಸಂದಿನ ಸಡಿಲ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕೆ, ಕನಿಷ್ಠ 25 ಮಿಲಿಮೀಟರ್ ಕೆರೆದು ತೆಗೆಯಿರಿ. ಧೂಳು ಗುಡಿಸಿ, ಗೋಡೆಯನ್ನು ಚೆನ್ನಾಗಿ ನೆನೆಸಿ, ಹೊಳೆಯುವ ನೀರು ಇಂಗಿದ ಮೇಲೆ ಗಾರೆಯನ್ನು ಒಳಕ್ಕೆ ಒತ್ತಿ ತುಂಬಿ. ಗಿಲಾವಿಗೂ ಇದೇ ಗಾರೆ. ಒಂದು ಪದರ 10 ಮಿಲಿಮೀಟರ್ ಮೀರಬಾರದು, ಉಗುರು ಒತ್ತಿದರೆ ಗುರುತು ಮಾತ್ರ ಬಿದ್ದು ಬೆರಳು ಇಳಿಯದಷ್ಟು ಗಟ್ಟಿಯಾದ ಮೇಲೆ ಮುಂದಿನದು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ, ಅದಕ್ಕೆ ತೇವ ಬೇಕೇಬೇಕು. ಬಿಸಿಲಿಗೆ ಬೇಗ ಒಣಗಿದ ಸುಣ್ಣ ಕೈಯಿಂದ ಉಜ್ಜಿದರೆ ಪುಡಿಯಾಗುತ್ತದೆ. ಒಂದು ವಾರ ಒದ್ದೆ ಗೋಣಿ ಇಳಿಬಿಟ್ಟು, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ.

ಮಣ್ಣಿನ ಗೋಡೆಗೆ ಮಣ್ಣಿನಿಂದಲೇ ತೇಪೆ. ಆ ಜಾಗದ ಮಣ್ಣಿನ ಗುಣ ತಿಳಿಯಲು ಗಾಜಿನ ಜಾಡಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ಅದರ ಮೇಲೆ ನುಣ್ಣನೆಯ ರೇವೆ ಕೂರಲು ಗಂಟೆಗಳು ಬೇಕು, ಜೇಡಿ ಮಾರನೆಯ ದಿನದ ಹೊತ್ತಿಗೆ. ಪದರಗಳನ್ನು ಅಳೆಯಿರಿ. ಜೇಡಿಯ ಪಾಲು ಐದರಲ್ಲಿ ಒಂದಕ್ಕಿಂತ ಹೆಚ್ಚಿದ್ದಷ್ಟೂ ಮರಳು, ಕತ್ತರಿಸಿದ ಒಣಹುಲ್ಲು ಹೆಚ್ಚು ಬೇಕು. ಒಂದಕ್ಕೊಂದು, ಒಂದಕ್ಕೆರಡು, ಒಂದಕ್ಕೆ ಮೂರು ಮರಳು ಬೆರೆಸಿದ ಅಂಗೈಯಗಲದ ಮೂರು ತೇಪೆಗಳನ್ನು ಗೋಡೆಗೆ ಹಚ್ಚಿ ಒಣಗಲು ಬಿಡಿ. ಬಿರುಕು ಬಿಡದ, ಉಜ್ಜಿದರೆ ಉದುರದ ತೇಪೆ ಯಾವುದೋ ಅದೇ ನಿಮ್ಮ ಪಾಕ.

ಗೆದ್ದಲು, ಕುಟ್ಟೆ, ಬಾಗಿಲು ಕಿಟಕಿ

ಗೆದ್ದಲ ಮಣ್ಣಿನ ಗೆರೆ ಕಂಡರೆ ಮಧ್ಯದಲ್ಲಿ ಎರಡು ಬೆರಳಗಲ ಒಡೆದು ಮೂರು ದಿನ ಬಿಟ್ಟು ನೋಡಿ. ಮತ್ತೆ ಮುಚ್ಚಿದ್ದರೆ ಗೆದ್ದಲು ಜೀವಂತವಾಗಿದೆ, ಮಣ್ಣಿಗೆ ಔಷಧಿ ಹಾಕಿಸಬೇಕು. ಒಡೆದದ್ದು ಹಾಗೇ ಇದ್ದರೆ ಆ ಗೆರೆ ಹಳೆಯದಿರಬಹುದು, ಆದರೂ ಉಳಿದ ಗೆರೆಗಳನ್ನೂ ಹೀಗೇ ಪರೀಕ್ಷಿಸಿ. ಕುಟ್ಟೆ ಹಿಡಿದ ಮರದ ಕೆಳಗೆ ಕಪ್ಪು ಕಾಗದ ಹಾಸಿಡಿ. ವಾರದಲ್ಲಿ ಬಿಳಿ ಹುಡಿ ಬಿದ್ದರೆ ಹುಳು ಒಳಗಿದೆ. ಒಳಾಂಗಣದ ಮರಕ್ಕೆ ಬೋರೇಟ್ ದ್ರಾವಣ ಒಳ್ಳೆಯದು. ಅದು ನೀರಿಗೆ ಕರಗಿಹೋಗುವುದರಿಂದ ಮಳೆಗೆ, ಮಣ್ಣಿಗೆ ತಾಗುವ ಮರಕ್ಕೆ ಪ್ರಯೋಜನವಿಲ್ಲ. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ, ಹಾಗಾಗಿ ಗಾಳಿಯಾಡುವುದಕ್ಕಿಂತ ದೊಡ್ಡ ಔಷಧಿ ಇಲ್ಲ.

ಬಾಗಿಲ ಚೌಕಟ್ಟಿನ ಪಾದ ಕೊಳೆತಿದ್ದರೆ ಇಡೀ ಚೌಕಟ್ಟು ಬಿಸಾಡಬೇಡಿ. ಆಗಿನ ಬಲಿತ ಮರ ಈಗ ಸಿಗುವುದು ಕಷ್ಟ. ಕೊಳೆತದ್ದನ್ನು ಓರೆಯಾಗಿ ಕತ್ತರಿಸಿ ಹೊಸ ತುಂಡು ಬೆಸೆಯಿರಿ. ಓರೆಯ ಉದ್ದ ಮರದ ದಪ್ಪದ ಎಂಟರಷ್ಟಿರಲಿ, 50 ಮಿಲಿಮೀಟರ್ ದಪ್ಪಕ್ಕೆ 400. ಬಿಜಾಗರಿ ಬಿಗಿಯಾಗಿದ್ದರೆ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ, ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು ಕೂಡಲೇ ಒರೆಸಿ ಎಣ್ಣೆ ಹಚ್ಚಿ. ಸ್ಕ್ರೂ ಹಿಡಿಯದ ಹಳೆಯ ತೂತಿಗೆ ಅಂಟು ಸವರಿದ ಮರದ ಗೂಟ ಬಡಿದು ಮತ್ತೆ ಕೊರೆಯಿರಿ. ಕೊನೆಗೆ ಅಗಸೆ ಎಣ್ಣೆ ತೆಳ್ಳಗೆ ಎರಡು ಮೂರು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ.

ಬಾವಿ

ಮುಚ್ಚಿಹೋಗಿದ್ದ ಬಾವಿಗೆ ಯಾರೂ ಇಳಿಯಬಾರದು, ಹೂಳು ತೆಗೆಯಲೂ ಕೂಡ. ಕೆಳಗೆ ಆಮ್ಲಜನಕ ಇಲ್ಲದಿರಬಹುದು, ವಿಷಾನಿಲವೂ ಇರಬಹುದು. ಉರಿಯುವ ದೀಪ ಇಳಿಬಿಟ್ಟು ನೋಡುವ ಪದ್ಧತಿಯನ್ನು ನಂಬಬೇಡಿ, ಕೆಲವು ವಿಷಾನಿಲಗಳಿದ್ದರೂ ದೀಪ ಉರಿಯುತ್ತದೆ. ಹಿಂದೆಯೇ ರಕ್ಷಿಸಲು ಇಳಿದವರೂ ಸಾಯುವುದು ಇಂಥಲ್ಲೇ. ಅನಿಲ ಅಳೆಯುವ ಉಪಕರಣ, ಗಾಳಿ ಊದುವ ಯಂತ್ರ ಇರುವ ತಂಡಕ್ಕೇ ಈ ಕೆಲಸ ಬಿಡಿ. ಶೌಚದ ಗುಂಡಿಗೂ ಇದೇ ಮಾತು.

ಹೂಳು ತೆಗೆದು ಹೊಸ ನೀರು ಬಂದ ಮೇಲೆ ಕ್ಲೋರಿನ್ ಹಾಕಬೇಕು. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದೆ ಎನ್ನಿ: 3.14 × 1 × 1 × 3, ಅಂದರೆ 9.42 ಘನಮೀಟರ್, ಸುಮಾರು 9,400 ಲೀಟರ್. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 470 ಗ್ರಾಂ. ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಮೂರನೇ ಒಂದು ಪಾಲಿದ್ದರೆ ಪುಡಿ 1.4 ಕಿಲೋ. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿ ಸತ್ವ ಕಳೆದುಕೊಂಡಿರುತ್ತದೆ, ಹೊಸದನ್ನೇ ತನ್ನಿ. ಬಕೆಟ್ ನೀರಿನಲ್ಲಿ ಕದಡಿ, ಗಸಿ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಸುರಿದು, ಬಿಂದಿಗೆ ಇಳಿಬಿಟ್ಟು ಮೇಲೆ ಕೆಳಗೆ ಕಲಕಿ. ಒಂದು ದಿನ ಪೂರ್ತಿ ಮುಟ್ಟಬೇಡಿ. ಆಮೇಲೆ ಕ್ಲೋರಿನ್ ವಾಸನೆ ಹೋಗುವವರೆಗೆ ನೀರೆತ್ತಿ ಹೊರಹಾಕಿ, ಗಿಡದ ಪಾತಿಗೂ ಮೀನಿನ ಹೊಂಡಕ್ಕೂ ಹೋಗದಂತೆ. ಒಂದೆರಡು ವಾರ ಕಳೆದು ಬ್ಯಾಕ್ಟೀರಿಯಾ, ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಕುಡಿಯಬೇಡಿ.

ವೈರಿಂಗು, ನೆಲ, ಬಣ್ಣ

ವೈರಿಂಗನ್ನು ಹೊಸದಾಗಿಯೇ, ಅರ್ಥಿಂಗ್ ಸಮೇತ, ಪರವಾನಗಿ ಇರುವವರಿಂದ ಹಾಕಿಸಿ. ಗಿಲಾವಿನ ಮೊದಲು ಪೈಪು ಹೂಳಿಸಿದರೆ ಗೋಡೆಯನ್ನು ಎರಡನೆಯ ಸಲ ಒಡೆಯುವುದು ತಪ್ಪುತ್ತದೆ. ತೇವ ಬರುವ ಮಣ್ಣಿನ ಅಥವಾ ಕಲ್ಲುಹಾಸಿನ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಸುರಿಸಬೇಡಿ, ಆ ತೇವವೆಲ್ಲ ಗೋಡೆಯ ಬುಡಕ್ಕೆ ಹೋಗುತ್ತದೆ.

ಗೋಡೆಗೆ ಸುಣ್ಣವನ್ನೇ ಬಳಿಯಿರಿ, ಪ್ಲಾಸ್ಟಿಕ್ ಪೇಂಟು ಬೇಡ. ಸುಣ್ಣದ ಮುದ್ದೆಯನ್ನು ಹಾಲಿನಷ್ಟು ತೆಳ್ಳಗೆ ಕದಡಿ, ಬಟ್ಟೆಯಲ್ಲಿ ಸೋಸಿ, ಒದ್ದೆ ಮಾಡಿದ ಗೋಡೆಗೆ ಹಚ್ಚಿ. ಹಚ್ಚುವಾಗ ಗೋಡೆ ಬರಿದಾಗಿಯೇ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದು ತಿಳಿಯದೆ ದಪ್ಪಗೆ ಬಳಿದವರ ಗೋಡೆ ಹೆಕ್ಕಳೆ ಏಳುತ್ತದೆ. ದಿನಕ್ಕೊಂದರಂತೆ ಐದು ತೆಳು ಕೈ.

ಎಲ್ಲ ಮುಗಿದ ಮೇಲೆ ಬರುವ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹೊರಗೆ ಬನ್ನಿ. ಮನೆಯ ಸುತ್ತ ಒಂದು ಸುತ್ತು ಹಾಕಿ, ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಗೂಟ ನೆಡಿ. ಆಮೇಲೆ ಟಾರ್ಚ್ ಹಿಡಿದು ಅಟ್ಟ ಹತ್ತಿ, ಹಿಂದೆ ಸೀಮೆಸುಣ್ಣದ ಗುರುತು ಹಾಕಿದ್ದ ಪಕಾಸುಗಳನ್ನು ಒಂದೊಂದಾಗಿ ಕೈಯಿಂದ ಸವರಿ ನೋಡಿ. ಒದ್ದೆಯಾದ ಪಕಾಸು ಸಿಕ್ಕರೆ ಅದು ಎಲ್ಲಿದೆ ಎಂಬುದನ್ನು ಮೊದಲ ದಿನದ ಆ ಹಾಳೆಯಲ್ಲೇ ಬರೆದಿಡಿ. ಮಳೆ ಹೊಳವಾದ ದಿನ ಏಣಿ ಇಡಬೇಕಾದ ಜಾಗ ಅದು.